ಎಂಟೇ ಜೀನಿನ ವೈರಸ್ ನಮ್ಮ ಕೋಶ ವಿಭಜನೆಯ ಹಿಡಿತ ತಪ್ಪಿಸುವುದು ಹೇಗೆ?

ಮಳೆಬಿಲ್ಲು

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಅಕ್ಕನ ರಿಪೋರ್ಟ್ ಬಂತು. ಅದರಲ್ಲಿ "ಎಚ್‌ಪಿವಿ 16 ಪಾಸಿಟಿವ್" ಅಂತ ಇದೆ. ಎಚ್‌ಪಿವಿ ಅಂದರೆ ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಹ್ಯೂಮನ್ ಪ್ಯಾಪಿಲೋಮಾ ವೈರಸ್, 16 ಅದರ ಒಂದು ಬಗೆ. ಡಾಕ್ಟರ್ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಲೆನ್ಸಿನಿಂದ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಲು ಹೇಳಿದ್ದಾರೆ. ಗಾಬರಿ ಬೇಡ ಅಂತಲೂ ಹೇಳಿದ್ದಾರೆ. ಚಿಕಿತ್ಸೆಯ ವಿಷಯ ಅವರನ್ನೇ ಕೇಳುತ್ತೇವೆ, ಇಲ್ಲಿ ಕೇಳುತ್ತಿರುವುದು ಬೇರೆ.

ಆ ರಾತ್ರಿ ಅಕ್ಕ ನನ್ನನ್ನು ಕೇಳಿದಳು: "ನೆಗಡಿ ತರೋದೂ ವೈರಸ್ಸೇ, ಇದೂ ವೈರಸ್ಸೇ. ಅದು ವಾರದಲ್ಲಿ ಹೋಗುತ್ತೆ. ಇದು ಕ್ಯಾನ್ಸರ್ ಹೇಗೆ ಮಾಡುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಲು ಕೂತರೆ ಸಾಲುಸಾಲಿಗೂ ಇ6, ಇ7, ಪಿ53 ಅಂತ ಅಕ್ಷರ, ಅಂಕಿ. ಈ ವೈರಸ್ಸಿಗೆ ಇರುವುದು ಎಂಟೇ ಜೀನ್ ಅಂತೆ. ನಮ್ಮ ಕೋಶದಲ್ಲಿ ಸುಮಾರು 20,000. ಎಂಟು ಸೇರಿ ಇಪ್ಪತ್ತು ಸಾವಿರವನ್ನು ಮಣಿಸುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಅಕ್ಕನಿಗೆ ಓದಿ ಹೇಳುತ್ತೇನೆ.

ಕೋಶಗೂಡು

ಮಳೆಬಿಲ್ಲು ಅವರೇ, ನಾನು ಹನ್ನೊಂದು ವರ್ಷದಿಂದ ಕೋಶ ವಿಭಜನೆಯ ಮೇಲೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಅಕ್ಕನ ಪ್ರಶ್ನೆ ಬಹಳ ಒಳ್ಳೆಯದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ ಒಂದು ಮಾತು. ಕ್ಯಾನ್ಸರ್ ಮಾಡುವುದು ಈ ವೈರಸ್ಸಿನ ಗುರಿಯೇ ಅಲ್ಲ. ಅದಕ್ಕೆ ಬೇಕಿರುವುದು ತನ್ನ ಡಿಎನ್‌ಎಯ ಪ್ರತಿಗಳು ಮಾತ್ರ. ಎಚ್‌ಪಿವಿಯ ಡಿಎನ್‌ಎ ಒಂದು ಪುಟ್ಟ ಉಂಗುರ, ಸುಮಾರು 8,000 ಅಕ್ಷರದಷ್ಟು. ನಮ್ಮದು 300 ಕೋಟಿ ಅಕ್ಷರ. ಇಷ್ಟು ಚಿಕ್ಕ ಉಂಗುರದಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ಜಾಗವಿಲ್ಲ. ಆ ಕಿಣ್ವ ಬೇಕೆಂದರೆ ನಮ್ಮ ಕೋಶದ ಬಾಗಿಲಿಗೇ ಬರಬೇಕು.

ತೊಂದರೆ ಶುರುವಾಗುವುದು ಇಲ್ಲೇ. ಚರ್ಮದಲ್ಲಿ, ಗರ್ಭಕಂಠದ ಹೊರಪದರದಲ್ಲಿ ಕೋಶಗಳು ಹಲವು ಪದರಗಳಾಗಿ ಕೂತಿರುತ್ತವೆ. ಒಡೆದು ಎರಡಾಗುವುದು ತಳದ ಪದರದವು. ಹುಟ್ಟಿದ ಮರಿಕೋಶ ಮೇಲಕ್ಕೆ ಸಾಗುತ್ತದೆ, ವಿಭಜನೆ ನಿಲ್ಲಿಸುತ್ತದೆ, ಚಪ್ಪಟೆಯಾಗುತ್ತದೆ, ಕೊನೆಗೆ ಉದುರಿ ಹೋಗುತ್ತದೆ. ಎಲ್ಲೋ ಒಂದು ಸಣ್ಣ ತರಚಿನ ಮೂಲಕ ವೈರಸ್ ತಳದ ಕೋಶ ಸೇರುತ್ತದೆ. ಆದರೆ ಅದು ಸಾವಿರಾರು ಪ್ರತಿ ಮಾಡಿಕೊಳ್ಳಬೇಕಿರುವುದು ಮೇಲಿನ ಪದರದಲ್ಲಿ, ಯಾಕೆಂದರೆ ಹೊರಗೆ ಹರಡಲು ದಾರಿ ಇರುವುದು ಅಲ್ಲಿ. ಅಲ್ಲಿನ ಕೋಶಗಳೋ ಡಿಎನ್‌ಎ ನಕಲು ಮಾಡುವುದನ್ನು ಬಿಟ್ಟು ಕೂತಿವೆ. ಕಾರ್ಖಾನೆ ಬಂದ್ ಆಗಿದೆ, ದೀಪ ಆರಿದೆ. ಬಂದ್ ಆದ ಕಾರ್ಖಾನೆಯನ್ನು ಮತ್ತೆ ತೆರೆಸಲು ವೈರಸ್ ಇಟ್ಟುಕೊಂಡಿರುವ ಉಪಾಯವೇ ಇ7 ಅನ್ನೋ ಅದರ ಪ್ರೋಟೀನ್.

ಇದು ಅರ್ಥವಾಗಲು ಕೋಶದ ಸುತ್ತು ಒಂಚೂರು ಗೊತ್ತಿರಬೇಕು. ಕೋಶ ಮೊದಲು ಬೆಳೆಯುತ್ತದೆ. ಆಮೇಲೆ ಡಿಎನ್‌ಎಯನ್ನು ಪೂರ್ತಿ ಎರಡು ಪ್ರತಿ ಮಾಡುತ್ತದೆ. ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಕೊನೆಗೆ ಎರಡಾಗಿ ಒಡೆಯುತ್ತದೆ. ನಮ್ಮ ಲ್ಯಾಬಿನ ಕೋಶಗಳಲ್ಲಿ ಈ ಸುತ್ತಿಗೆ ಹತ್ತಿರಹತ್ತಿರ 24 ಗಂಟೆ ಬೇಕು, ಅದರಲ್ಲಿ ಒಡೆಯುವ ಹೊತ್ತು ಸುಮಾರು ಒಂದು ಗಂಟೆ ಅಷ್ಟೇ. ಬೆಳೆಯುವ ಹಂತದಿಂದ ನಕಲು ಹಂತಕ್ಕೆ ದಾಟುವ ಕಡೆ ಆರ್‌ಬಿ ಅನ್ನೋ ಪ್ರೋಟೀನ್ ಇದೆ. ಅದು ಇ2ಎಫ್ ಅನ್ನೋ ಇನ್ನೊಂದು ಪ್ರೋಟೀನಿನ ಕೈ ಹಿಡಿದುಕೊಂಡಿರುತ್ತದೆ. ಇ2ಎಫ್ ಕೈ ಬಿಡಿಸಿಕೊಂಡರೆ ನಕಲು ಕೆಲಸದ ಜೀನ್‌ಗಳೆಲ್ಲ ಚಾಲೂ. ದೇಹಕ್ಕೆ ಹೊಸ ಕೋಶ ಬೇಕಾದಾಗ ಹೊರಗಿಂದ ಸೂಚನೆ ಬರುತ್ತದೆ, ಆರ್‌ಬಿಗೆ ಫಾಸ್ಫೇಟ್ ಅಂಟುತ್ತದೆ, ಹಿಡಿತ ಸಡಿಲವಾಗುತ್ತದೆ. ಇದು ಸಹಜ ರೀತಿ.

ಇ7 ಈ ಸೂಚನೆಗೆಲ್ಲ ಕಾಯುವುದಿಲ್ಲ. ನೇರವಾಗಿ ಆರ್‌ಬಿಯನ್ನು ಹಿಡಿಯುತ್ತದೆ, ಇ2ಎಫ್ ಅನ್ನು ಬಿಡಿಸುತ್ತದೆ, ಆರ್‌ಬಿಯನ್ನು ಕೋಶದ ಕಸದ ವ್ಯವಸ್ಥೆಗೆ ತಳ್ಳುತ್ತದೆ. ಎಚ್‌ಪಿವಿ 16ರ ಇ7 ಎಷ್ಟು ದೊಡ್ಡದು ಗೊತ್ತಾ? 98 ಅಮೈನೊ ಆಮ್ಲ. ಆರ್‌ಬಿ 928. ತನಗಿಂತ ಒಂಬತ್ತು ಪಟ್ಟಿಗೂ ದೊಡ್ಡದನ್ನು ಅದು ಕೆಡವುತ್ತದೆ.

ಇನ್ನು ವೈರಸ್ಸಿನ ಇನ್ನೊಂದು ಪ್ರೋಟೀನ್, ಇ6. ಯಾರೂ ಕರೆಯದೆ ನಕಲು ಕೆಲಸ ಶುರುವಾದರೆ ಕೋಶಕ್ಕೆ ಅನುಮಾನ ಬರುತ್ತದೆ. ಆಗ ನಮ್ಮ ಕೋಶದ ಕಾವಲು ಪ್ರೋಟೀನ್ ಪಿ53 ಮೇಲೇಳುತ್ತದೆ. ವಿಭಜನೆ ನಿಲ್ಲಿಸುತ್ತದೆ, ಇಲ್ಲವೇ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಕೋಶ ಸತ್ತರೆ ವೈರಸ್ಸೂ ಹೋಯಿತು. ಅದಕ್ಕೆ ಇ6 ನಮ್ಮದೇ ಕೋಶದ ಒಂದು ಕಿಣ್ವದ ಜೊತೆ ಸೇರಿಕೊಳ್ಳುತ್ತದೆ. ಇ6ಎಪಿ ಅಂತ ಅದರ ಹೆಸರು. ಸಾಮಾನ್ಯವಾಗಿ ಅದು ಪಿ53ರ ತಂಟೆಗೆ ಹೋಗುವುದಿಲ್ಲ. ಇ6 ಜೊತೆಯಾದರೆ ಪಿ53ಗೆ "ಇದನ್ನು ಎಸೆಯಿರಿ" ಅನ್ನುವ ಚೀಟಿ ಅಂಟಿಸಿಬಿಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಎಂಟು ಜೀನ್ ಇಪ್ಪತ್ತು ಸಾವಿರವನ್ನು ಮಣಿಸಬೇಕಿಲ್ಲ. ಎರಡು ಪ್ರೋಟೀನ್‌ಗಳು ಸರಿಯಾದ ಎರಡು ಜಾಗ ಹಿಡಿದರೆ ಸಾಕು.

ಗುಬ್ಬಿ

ಅಂದ್ರೆ ಇ7 ಆಕ್ಸಿಲರೇಟರ್ ಒತ್ತುತ್ತೆ, ಇ6 ಅಲಾರಂ ಆಫ್ ಮಾಡುತ್ತೆ. ಸರಿನಾ?

ಕೋಶಗೂಡು

ಇ6 ವಿಷಯ ಸರಿ. ಇ7 ಆಕ್ಸಿಲರೇಟರ್ ಅಲ್ಲ, ಬ್ರೇಕ್ ಕಿತ್ತು ಹಾಕುತ್ತದೆ. ಈ ವ್ಯತ್ಯಾಸ ಮುಖ್ಯ. ಆಕ್ಸಿಲರೇಟರ್ ಒತ್ತಿದರೆ ಕೋಶ ಇನ್ನೂ ಬ್ರೇಕ್ ಹಾಕಿ ನಿಲ್ಲಬಹುದು. ಬ್ರೇಕೇ ಇಲ್ಲದಿದ್ದರೆ ಬ್ರೇಕ್ ಪೆಡಲ್ ಒತ್ತಿಯೂ ಪ್ರಯೋಜನವಿಲ್ಲ. ಕೋಶ ಹಾಗೆ ಒತ್ತುತ್ತಲೇ ಇರುತ್ತದೆ ಅನ್ನುವುದನ್ನು ಕಣ್ಣಾರೆ ನೋಡಬಹುದು. ಸ್ಲೈಡ್ ಓದುಗ ಅವರು ಇಲ್ಲಿದ್ದರೆ ಪಿ16 ಬಗ್ಗೆ ಹೇಳಲಿ.

ಸ್ಲೈಡ್ ಓದುಗ

ಇದ್ದೇನೆ. ನಾನು ಪ್ಯಾಪ್ ಸ್ಲೈಡ್ (ಗರ್ಭಕಂಠದಿಂದ ಸವರಿ ತೆಗೆದ ಕೋಶಗಳು) ಮತ್ತು ಬಯಾಪ್ಸಿ ಸ್ಲೈಡ್‌ಗಳನ್ನು (ಕತ್ತರಿಸಿ ತೆಗೆದ ಚೂರು) ದಿನವಿಡೀ ನೋಡುವ ಕೆಲಸದಲ್ಲಿದ್ದೇನೆ.

ಪಿ16 ನಮ್ಮ ಕೋಶದ್ದೇ ಪ್ರೋಟೀನ್. ಆರ್‌ಬಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ತಡೆಯುವುದು ಅದರ ಕೆಲಸ. ಅಂದರೆ ಅದೇ ಬ್ರೇಕ್ ಪೆಡಲ್. ಸಹಜ ಕೋಶದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಇ7 ಆರ್‌ಬಿಯನ್ನು ಮುಗಿಸಿದ ಕೋಶದಲ್ಲಿ ಪಿ16 ರಾಶಿ ರಾಶಿ ತಯಾರಾಗುತ್ತದೆ. ಕೋಶ ಪೆಡಲ್ ಮೇಲೆ ನಿಂತೇಬಿಟ್ಟಿದೆ, ಆದರೆ ಕೆಳಗೆ ತಂತಿ ತುಂಡಾಗಿದೆ. ನಾವು ಪಿ16ಗೆ ಕಂದು ಬಣ್ಣ ಹಿಡಿಯುವ ಪರೀಕ್ಷೆ ಮಾಡುತ್ತೇವೆ. ಆರೋಗ್ಯವಾಗಿರುವ ಪದರ ತಿಳಿ ನೀಲಿಯಾಗಿ ಉಳಿಯುತ್ತದೆ. ಅದರ ಪಕ್ಕದಲ್ಲೇ ಕೆಟ್ಟ ಭಾಗ ತಳದಿಂದ ಮೇಲಕ್ಕೆ ಗಟ್ಟಿ ಕಂದು. ಎರಡರ ನಡುವೆ ಗೆರೆ ಎಳೆದ ಹಾಗೆ ಗಡಿ. ಮೊದಲ ಸಲ ಅದನ್ನು ನೋಡಿದಾಗ ನಾನು ತುಂಬಾ ಹೊತ್ತು ಸ್ಲೈಡ್ ತೆಗೆಯಲೇ ಇಲ್ಲ.

ಬಣ್ಣದ ಪರೀಕ್ಷೆಗೆ ಮುಂಚೆಯೇ ಪ್ಯಾಪ್ ಸ್ಲೈಡ್‌ನಲ್ಲಿ ಇನ್ನೊಂದು ಗುರುತು ಸಿಗುತ್ತದೆ. ಕೊಯ್ಲೊಸೈಟ್ ಅಂತೀವಿ. ಕೋಶದ ನಡುವಿನ ನ್ಯೂಕ್ಲಿಯಸ್ ದಪ್ಪ, ಕಪ್ಪು, ಅಂಚು ಸುಕ್ಕು. ಅದರ ಸುತ್ತ ಖಾಲಿ ಬೆಳ್ಳಗಿನ ವೃತ್ತ, ಹುಣ್ಣಿಮೆ ಚಂದ್ರನ ಸುತ್ತ ಕಟ್ಟುವ ಕೊಡೆಯ ಹಾಗೆ. ಕೆಲವೊಮ್ಮೆ ಒಂದೇ ಕೋಶದಲ್ಲಿ ಎರಡು ನ್ಯೂಕ್ಲಿಯಸ್. ಮಳೆಬಿಲ್ಲು ಅವರೇ, ಇದು ಕಂಡರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಇಲ್ಲಿ ವೈರಸ್ ಕೆಲಸ ಮಾಡುತ್ತಿದೆ ಅಂತ ಅಷ್ಟೇ. ಇವು ಬಹುಪಾಲು ತಾವಾಗಿಯೇ ಸರಿಹೋಗುತ್ತವೆ.

ಬಿಸಿಲುದಾರಿ

ನನಗೆ ಒಂದು ಅನುಮಾನ. ಎಚ್‌ಪಿವಿ ಜೀವನದಲ್ಲಿ ಒಮ್ಮೆಯಾದರೂ ಬಹುತೇಕ ಎಲ್ಲರಿಗೂ ಬಂದು ಹೋಗುತ್ತೆ ಅಂತ ಓದಿದ್ದೇನೆ. ಎಲ್ಲರಲ್ಲೂ ಇರೋದನ್ನು ಕೆಲವರ ಕ್ಯಾನ್ಸರ್‌ಗೆ ಕಾರಣ ಅನ್ನೋದು ಹೇಗೆ? ಕ್ಯಾನ್ಸರ್ ಬಂದ ಜಾಗದಲ್ಲಿ ಈ ವೈರಸ್ ಸುಮ್ನೆ ಸೇರಿಕೊಂಡಿರಬಹುದು ಅಲ್ವಾ?

ಹಳೇ ಮೇಷ್ಟ್ರು

ಬಿಸಿಲುದಾರಿ ಅವರ ಅನುಮಾನವನ್ನು ವಿಜ್ಞಾನಿಗಳೂ ದಶಕಗಟ್ಟಲೆ ಇಟ್ಟುಕೊಂಡಿದ್ದರು. 1911ರಲ್ಲಿ ಪೇಟನ್ ರೌಸ್ ಒಂದು ಕೋಳಿಯ ಗಡ್ಡೆಯನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದ ಸೋಸಕದಲ್ಲಿ ಸೋಸಿ, ಆ ದ್ರವವನ್ನು ಬೇರೆ ಕೋಳಿಗಳಿಗೆ ಚುಚ್ಚಿ ಗಡ್ಡೆ ಬರುವುದನ್ನು ತೋರಿಸಿದರು. ಬಹಳ ಮಂದಿ ನಂಬಲಿಲ್ಲ. ಅವರಿಗೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷದ ಮೇಲೆ.

ಗರ್ಭಕಂಠದ ಕ್ಯಾನ್ಸರ್ ಕಥೆಯೂ ಹಾಗೇ. ಹರ್ಪಿಸ್ ವೈರಸ್ ಕಾರಣ ಅನ್ನೋ ಅಭಿಪ್ರಾಯ ಬಲವಾಗಿದ್ದ ಕಾಲದಲ್ಲಿ ಹರಾಲ್ಡ್ ಸುರ್ ಹೌಸೆನ್ ಅನ್ನೋ ವಿಜ್ಞಾನಿ "ಹರ್ಪಿಸ್ ಅಲ್ಲ, ಪ್ಯಾಪಿಲೋಮಾ ವೈರಸ್ ನೋಡಿ" ಅಂತ ಪಟ್ಟು ಹಿಡಿದರು. 1983ರಲ್ಲಿ ಅವರ ತಂಡಕ್ಕೆ ಗಡ್ಡೆಯಲ್ಲಿ ಎಚ್‌ಪಿವಿ 16 ಸಿಕ್ಕಿತು. ಮರುವರ್ಷ 18. ಇವೆರಡೇ ಸೇರಿ ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಆಗುತ್ತವೆ. 2008ರಲ್ಲಿ ಅವರಿಗೆ ನೊಬೆಲ್ ಬಂತು.

ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ವಿಷಯ ಇನ್ನೊಂದಿದೆ. ಪಿ53 ಅನ್ನೋ ಪ್ರೋಟೀನ್ ಇದೆ ಅಂತ ನಮಗೆ ಗೊತ್ತಾಗಿದ್ದೇ ವೈರಸ್ಸಿನಿಂದ. 1979ರಲ್ಲಿ ಎಸ್‌ವಿ40 ಅನ್ನೋ ಮಂಗದ ವೈರಸ್ಸಿನ ಪ್ರೋಟೀನ್ ಒಂದನ್ನು ಹಿಡಿದು ಹೊರತೆಗೆದಾಗ, ಅದಕ್ಕೆ ಅಂಟಿಕೊಂಡು ಕೋಶದ್ದೇ ಒಂದು ಪ್ರೋಟೀನ್ ಬಂತು. ತೂಕ ಸುಮಾರು 53 ಕಿಲೋಡಾಲ್ಟನ್ ಅಂತ ಕಂಡಿತು, ಅದೇ ಹೆಸರಾಯಿತು. ಮೊದಲು ಅದು ಕ್ಯಾನ್ಸರ್ ತರುವ ಪ್ರೋಟೀನ್ ಅಂದುಕೊಂಡಿದ್ದರು. ಅದು ಕ್ಯಾನ್ಸರ್ ತಡೆಯುವ ಪ್ರೋಟೀನ್ ಅಂತ ತಿಳಿಯಲು ಹತ್ತು ವರ್ಷ ಹಿಡಿಯಿತು. ಈಗ ನೋಡಿದರೆ ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದರ ಜೀನೇ ಕೆಟ್ಟಿರುತ್ತದೆ.

ಕೋಶಗೂಡು

ಮೇಷ್ಟ್ರೇ, ಅದಕ್ಕೆ ನಾನೊಂದು ಸೇರಿಸುತ್ತೇನೆ. ಎಸ್‌ವಿ40, ಅಡೆನೊವೈರಸ್, ಎಚ್‌ಪಿವಿ ಮೂರೂ ಬೇರೆ ಬೇರೆ ಕುಟುಂಬದವು. ಮೂರರಲ್ಲೂ ಆರ್‌ಬಿಯನ್ನು ಹಿಡಿಯುವ ತುಣುಕು ಒಂದೇ: ಲ್ಯೂಸಿನ್, ಯಾವುದಾದರೂ ಒಂದು, ಸಿಸ್ಟೀನ್, ಯಾವುದಾದರೂ ಒಂದು, ಗ್ಲುಟಮೇಟ್. ಐದು ಅಮೈನೊ ಆಮ್ಲದ ಒಂದೇ ಕೀಲಿ. ಮೂರೂ ಪಿ53ರ ಬಾಯಿಯನ್ನೂ ಕಟ್ಟುತ್ತವೆ, ಪ್ರತಿಯೊಂದೂ ಅದರದ್ದೇ ರೀತಿಯಲ್ಲಿ. ಸಂಬಂಧವೇ ಇಲ್ಲದ ವೈರಸ್‌ಗಳು ಅದೇ ಎರಡು ಜಾಗಕ್ಕೆ ಬಂದು ನಿಂತಿವೆ ಅಂದರೆ ಕೋಶದ ಜೀವನಾಡಿ ಎಲ್ಲಿದೆ ಅಂತ ಅವೇ ನಮಗೆ ತೋರಿಸಿಕೊಟ್ಟಂತೆ.

ಬಿಸಿಲುದಾರಿ ಅವರಿಗೆ ನೇರ ಉತ್ತರ. ಕಾರಣವೋ, ಸುಮ್ನೆ ಜೊತೆಗಿದ್ದದ್ದೋ ಅಂತ ತಿಳಿಯಲು ಒಂದೇ ದಾರಿ. ವೈರಸ್ಸಿನ ಪ್ರೋಟೀನನ್ನು ನಿಲ್ಲಿಸಿ, ಕೋಶ ಏನು ಮಾಡುತ್ತೆ ನೋಡುವುದು.

ಹೀಲಾ ಕೋಶಗಳ ಬಗ್ಗೆ ಕೇಳಿರಬಹುದು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಹೆಣ್ಣುಮಗಳ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದ ಕೋಶಗಳು. ಅದೇ ವರ್ಷ ಅವರು ತೀರಿಕೊಂಡರು. ಆ ಕೋಶಗಳು ಇವತ್ತಿಗೂ ಲ್ಯಾಬ್‌ಗಳಲ್ಲಿ ಒಡೆಯುತ್ತಲೇ ಇವೆ. ಅವುಗಳಲ್ಲಿ ಎಚ್‌ಪಿವಿ 18ರ ಡಿಎನ್‌ಎ ತುಂಡು ಇದೆ, ಇ6 ಮತ್ತು ಇ7 ಬಿಡದೆ ತಯಾರಾಗುತ್ತಿವೆ. ವೈರಸ್ಸಿಗೆ ಇ2 ಅಂತ ಇನ್ನೊಂದು ಪ್ರೋಟೀನ್ ಇರುತ್ತದೆ. ಅದು ಇ6, ಇ7 ಜಾಸ್ತಿಯಾಗದಂತೆ ಹತೋಟಿಯಲ್ಲಿಡುತ್ತದೆ. ಹೀಲಾದಲ್ಲಿ ಅದು ಕಳೆದುಹೋಗಿದೆ. ಸಂಶೋಧಕರು ಅದನ್ನೇ ಮರಳಿ ಕೊಟ್ಟರು. ಇ6, ಇ7 ನಿಂತವು. ಪಿ53 ಬಂತು, ಆರ್‌ಬಿ ಬಂತು. ಅಷ್ಟು ದಶಕ ನಿಲ್ಲದೇ ಒಡೆದ ಕೋಶಗಳು ಕೆಲವೇ ದಿನದಲ್ಲಿ ವಿಭಜನೆ ನಿಲ್ಲಿಸಿದವು. ಅಗಲವಾಗಿ, ಚಪ್ಪಟೆಯಾಗಿ, ಮುಪ್ಪಿನ ಕೋಶದಂತೆ ಕೂತುಬಿಟ್ಟವು.

ಇದರ ಅರ್ಥ ಏನು? ಪಿ53, ಆರ್‌ಬಿ ಜೀನ್‌ಗಳು ಹೀಲಾದಲ್ಲಿ ಕೆಟ್ಟಿರಲಿಲ್ಲ. ಪ್ರೋಟೀನ್ ಹುಟ್ಟಿದ ಹಾಗೇ ನಾಶವಾಗುತ್ತಿತ್ತು, ಅಷ್ಟೇ. ವೈರಸ್ ಸುಮ್ನೆ ಜೊತೆಗಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಬಿಸಿಲುದಾರಿ

ಒಪ್ಪಿದೆ. ಇದು ಗೊತ್ತಿರಲಿಲ್ಲ. ಆದರೆ ಇನ್ನರ್ಧ ಉಳಿದಿದೆ. ಎಲ್ಲರಿಗೂ ಯಾಕೆ ಆಗಲ್ಲ?

ಕೋಶಗೂಡು

ಬಹುಪಾಲು ಜನರಲ್ಲಿ ರೋಗನಿರೋಧಕ ಶಕ್ತಿ ಒಂದೆರಡು ವರ್ಷದಲ್ಲಿ ವೈರಸ್ಸನ್ನು ಅಡಗಿಸಿಬಿಡುತ್ತದೆ, ಪರೀಕ್ಷೆಗೂ ಸಿಗದ ಮಟ್ಟಿಗೆ. ಅದು ಅಡಗದೆ ವರ್ಷಗಟ್ಟಲೆ ಉಳಿದ ಕೆಲವರಲ್ಲಿ ಅಪಾಯ ಏರುತ್ತಾ ಹೋಗುತ್ತದೆ. ಆಗಲೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಆ ಅಷ್ಟು ವರ್ಷದಲ್ಲಿ ಒಂದು ಅಪಘಾತ ನಡೆಯುತ್ತದೆ. ವೈರಸ್ಸಿನ ಉಂಗುರ ತುಂಡಾಗಿ ನಮ್ಮ ಕ್ರೋಮೊಸೋಮ್ ಒಳಗೆ ಸೇರಿಕೊಳ್ಳುತ್ತದೆ. ತುಂಡಾಗುವ ಜಾಗ ಎಷ್ಟೋ ಸಲ ಇ2 ಜೀನ್ ನಡುವೆ. ಹೀಗೆ ಹತೋಟಿ ಹೋಯಿತು, ಇ6, ಇ7 ಮಾತ್ರ ಉಳಿದವು. ಎಲ್ಲ ಗಡ್ಡೆಗಳಲ್ಲೂ ಹೀಗೇ ಆಗುವುದಿಲ್ಲ, ಆದರೆ ಹೆಚ್ಚಿನವುಗಳಲ್ಲಿ ಆಗುತ್ತದೆ. ಹೀಗೆ ತುಂಡಾಗಿ ಸೇರಿಕೊಂಡ ವೈರಸ್ ಹೊಸ ವೈರಸ್ ಮರಿಗಳನ್ನು ಮಾಡಲಾರದು. ಕ್ಯಾನ್ಸರ್ ಕೋಶ ವೈರಸ್ಸಿನ ಪಾಲಿಗೂ ದಾರಿ ಮುಚ್ಚಿದ ಓಣಿ.

ಮಳೆಬಿಲ್ಲು

ಇಲ್ಲಿಯವರೆಗೆ ಅಕ್ಕನಿಗೆ ಓದಿ ಹೇಳಿದೆ. ಬೇಲಿ ಹೊಲ ಮೇಯ್ದದ್ದು ಅವಳಿಗೆ ಚೆನ್ನಾಗಿ ಹಿಡಿಸಿತು. ಅವಳ ಮುಂದಿನ ಪ್ರಶ್ನೆ: "ಸರಿ, ಕೋಶ ಬೇಗ ಬೇಗ ಒಡೆಯುತ್ತೆ. ಬರೀ ಜಾಸ್ತಿ ಕೋಶ ಆದರೆ ನರಹುಲಿ ಅಷ್ಟೇ ಅಲ್ವಾ? ಕ್ಯಾನ್ಸರ್ ಯಾಕಾಗಬೇಕು?"

ಸ್ಲೈಡ್ ಓದುಗ

ನಿಮ್ಮ ಅಕ್ಕ ಸರಿಯಾದ ಜಾಗಕ್ಕೇ ಬಂದಿದ್ದಾರೆ. ನರಹುಲಿಯೂ ಎಚ್‌ಪಿವಿಯದ್ದೇ. ಆದರೆ ಅದನ್ನು ಮಾಡುವ 1, 2, 6, 11ರಂಥ ಬಗೆಗಳಲ್ಲಿ ಇ6, ಇ7ರ ಹಿಡಿತ ಅಷ್ಟು ಬಲವಾಗಿಲ್ಲ. ಕೋಶ ಹೆಚ್ಚುತ್ತದೆ, ಕೆಡುವುದಿಲ್ಲ.

16, 18ರಲ್ಲಿ ಒಡೆಯುವ ಕೆಲಸವೇ ಕೆಡುತ್ತದೆ. ನಾನು ನೋಡಿದ್ದನ್ನು ಹೇಳುತ್ತೇನೆ. ಸಹಜ ಕೋಶ ಒಡೆಯುವಾಗ ಕ್ರೋಮೊಸೋಮ್‌ಗಳೆಲ್ಲ ನಡುವೆ ಒಂದು ಸಾಲಾಗಿ ನಿಲ್ಲುತ್ತವೆ. ಪಕ್ಕದಿಂದ ನೋಡಿದರೆ ನೆಟ್ಟಗಿನ ಕಪ್ಪು ಪಟ್ಟಿ. ಎರಡು ತುದಿಯಿಂದ ಎಳೆಗಳು ಬಂದು ಒಂದೊಂದು ಪಾಲನ್ನು ಒಂದೊಂದು ಕಡೆ ಎಳೆದುಕೊಳ್ಳುತ್ತವೆ. ಒಂದು ಬಯಾಪ್ಸಿಯಲ್ಲಿ ನಾನು ಕಂಡದ್ದು ಪಟ್ಟಿ ಅಲ್ಲ. ಮೂರು ಕವಲಿನ ಆಕಾರ, ಬೀಸಣಿಗೆಯ ರೆಕ್ಕೆ ತರ. ಕೋಶ ಮೂರು ಕಡೆಗೆ ಎಳೆಯುತ್ತಿತ್ತು. ನಲವತ್ತಾರು ಕ್ರೋಮೊಸೋಮ್ ನಕಲಾಗಿ ತೊಂಬತ್ತೆರಡು ಪಾಲಾಗಿವೆ, ಅದನ್ನು ಮೂರು ಜನ ಹಂಚಿಕೊಂಡರೆ ಯಾರಿಗೆ ಏನು ಸಿಗುತ್ತೆ ಅಂತ ಯೋಚಿಸಿ. ಅದೂ ಅಲ್ಲದೆ ಆ ಕೋಶ ತಳದ ಪದರದಲ್ಲಿ ಇರಲಿಲ್ಲ, ಮೇಲೆ ಇತ್ತು. ಅಲ್ಲಿ ಯಾವ ಕೋಶವೂ ಒಡೆಯಬಾರದು.

ಕೋಶಗೂಡು

ಆ ಮೂರನೇ ತುದಿ ಬಂದದ್ದು ಸೆಂಟ್ರೊಸೋಮ್ ಜಾಸ್ತಿಯಾದ ಕಾರಣ. ಎಳೆಗಳು ಹೊರಡುವ ಗೂಟ ಅದು. ಪ್ರತಿ ಸುತ್ತಿಗೂ ಒಂದು ಇದ್ದದ್ದು ಎರಡಾಗಬೇಕು, ಒಂದೇ ಸಲ. ಇ7 ಇರುವ ಕೋಶದಲ್ಲಿ ಈ ಲೆಕ್ಕ ತಪ್ಪುತ್ತದೆ, ಮೂರು, ನಾಲ್ಕು ಗೂಟಗಳು ಹುಟ್ಟುತ್ತವೆ. ಹೀಗೆ ತಪ್ಪಿ ಹುಟ್ಟಿದ ಕೋಶವನ್ನು ಪಿ53 ಇದ್ದಿದ್ದರೆ ಅಲ್ಲೇ ನಿಲ್ಲಿಸುತ್ತಿತ್ತು. ಇ6 ಅದನ್ನು ಮೊದಲೇ ತೆಗೆದುಬಿಟ್ಟಿದೆ. ತಪ್ಪು ಮಾಡಿಸುವುದು ಒಬ್ಬ, ತಪ್ಪನ್ನು ಮುಚ್ಚುವುದು ಇನ್ನೊಬ್ಬ. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದೇ. ಬೇಗ ಒಡೆಯುವುದಕ್ಕಿಂತ ಕೆಟ್ಟದಾಗಿ ಒಡೆದೂ ಬದುಕಿ ಉಳಿಯುವುದು ದೊಡ್ಡ ಅಪಾಯ.

ಜೊತೆಗೆ ಇ6 ಟೆಲೊಮರೇಸ್ ಅನ್ನೋ ಕಿಣ್ವವನ್ನೂ ಎಬ್ಬಿಸುತ್ತದೆ. ಪ್ರತಿ ವಿಭಜನೆಗೂ ಕ್ರೋಮೊಸೋಮ್ ತುದಿ ಸ್ವಲ್ಪ ಸವೆಯಬೇಕು, ಹಾಗೆ ಸವೆದೇ ಕೋಶಕ್ಕೆ ಮುಪ್ಪು. ಆ ಸವೆತವೂ ನಿಂತುಹೋಗುತ್ತದೆ.

ಹೀಲಾ ಕೋಶದಲ್ಲಿ ಈಗ ಎಷ್ಟು ಕ್ರೋಮೊಸೋಮ್ ಇವೆ ಗೊತ್ತಾ? 46 ಅಲ್ಲ. ಸಾಮಾನ್ಯವಾಗಿ 70ರಿಂದ 80ರ ಆಸುಪಾಸು.

ಹಳೇ ಮೇಷ್ಟ್ರು

ಮೂರು ತುದಿಯ ವಿಭಜನೆ ಅಂದ ಕೂಡಲೇ ಥಿಯೋಡೋರ್ ಬೊವೆರಿ ನೆನಪಾದರು. 1902ರಲ್ಲಿ ಅವರು ಕಡಲಮುಳ್ಳಿನ (ಸೀ ಅರ್ಚಿನ್ ಅನ್ನೋ ಸಮುದ್ರಜೀವಿ) ಮೊಟ್ಟೆಗೆ ಎರಡು ವೀರ್ಯಾಣು ಸೇರಿದಾಗ ಏನಾಗುತ್ತೆ ಅಂತ ನೋಡಿದರು. ಮೂರು, ನಾಲ್ಕು ತುದಿಗಳಾಗಿ ಒಡೆದು, ಕ್ರೋಮೊಸೋಮ್ ಹಂಚಿಕೆ ಎಡವಟ್ಟಾಗಿ, ಭ್ರೂಣ ಕೆಡುತ್ತಿತ್ತು. ಗಡ್ಡೆಗಳೂ ಹೀಗೇ ತಪ್ಪು ಹಂಚಿಕೆಯಿಂದ ಶುರುವಾಗಬಹುದು ಅಂತ 1914ರಲ್ಲಿ ಬರೆದರು. ಡಿಎನ್‌ಎ ರಚನೆ ತಿಳಿಯಲು ಇನ್ನೂ 39 ವರ್ಷ ಬಾಕಿ ಇತ್ತು. ಕಡಲಮುಳ್ಳಿನ ಮೊಟ್ಟೆ ನೋಡಿ ಅಷ್ಟು ದೂರ ಯೋಚಿಸಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

ಗುಬ್ಬಿ

ಹಾಗಾದ್ರೆ ಕ್ಯಾನ್ಸರ್ ತರೋ ವೈರಸ್ಸುಗಳೆಲ್ಲ ಆರ್‌ಬಿ, ಪಿ53 ಎರಡನ್ನೇ ಕೆಡವೋದು ಅಂತ ಇಟ್ಕೋಬಹುದಾ?

ಕೋಶಗೂಡು

ಇಟ್ಟುಕೊಳ್ಳಬೇಡಿ. ಎಚ್‌ಪಿವಿ ಅಚ್ಚುಕಟ್ಟಾದ ಉದಾಹರಣೆ, ಅದನ್ನೇ ಎಲ್ಲರಿಗೂ ಹೊಂದಿಸಿದರೆ ತಪ್ಪಾಗುತ್ತದೆ.

ಎಚ್‌ಟಿಎಲ್‌ವಿ-1 ನೋಡಿ. 1980ರಲ್ಲಿ ಕಂಡುಹಿಡಿದ ಈ ವೈರಸ್ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳಲ್ಲಿ ಕೂರುತ್ತದೆ. ಅದರ ಟ್ಯಾಕ್ಸ್ ಅನ್ನೋ ಪ್ರೋಟೀನ್ ಹಿಡಿಯುವುದು ಬೇರೆಯದೇ ಜಾಗವನ್ನು. ಕೋಶ ಒಡೆಯುವ ಕ್ಷಣಕ್ಕೆ ಮೊದಲು ಒಂದು ಕಾಯುವ ನಿಯಮ ಇದೆ: ಎಲ್ಲ ಕ್ರೋಮೊಸೋಮ್‌ಗೂ ಎಳೆ ಕಟ್ಟಿಕೊಳ್ಳುವವರೆಗೆ ಯಾರೂ ಎಳೆಯುವಂತಿಲ್ಲ. ಒಂದೇ ಒಂದು ಕ್ರೋಮೊಸೋಮ್ ಕಟ್ಟದೆ ಉಳಿದಿದ್ದರೂ ಅದು "ತಡೀರಿ" ಅನ್ನುತ್ತಲೇ ಇರುತ್ತದೆ. ಆ ತಡೆಯುವ ಕೂಗಿಗೆ ಮ್ಯಾಡ್1 ಅನ್ನೋ ಪ್ರೋಟೀನ್ ಬೇಕು. ಟ್ಯಾಕ್ಸ್ ಮ್ಯಾಡ್1ಗೆ ಅಂಟಿಕೊಂಡು ಆ ಕೂಗನ್ನು ಅಡಗಿಸುತ್ತದೆ ಅಂತ 1998ರಲ್ಲಿ ತಿಳಿಯಿತು. ಕೋಶ ಕಾಯದೇ ಒಡೆಯುತ್ತದೆ. ಒಂದರಲ್ಲೇ ಹಲವು ನ್ಯೂಕ್ಲಿಯಸ್ ಇರುವ ಕೋಶಗಳು ಹುಟ್ಟುತ್ತವೆ.

ಇದಕ್ಕೆ ಕೋಶ ವಿಭಜನೆ ಬೇಕಾಗಿರುವ ಕಾರಣವೂ ಬೇರೆ. ದೇಹದೊಳಗೆ ಅದು ಹೆಚ್ಚುವುದು ಬಹುಮಟ್ಟಿಗೆ ತಾನು ಕೂತ ಕೋಶವನ್ನು ಒಡೆಸಿ. ಕೋಶ ಎರಡಾದರೆ ತಾನೂ ಎರಡು. ಆದರೂ ಈ ವೈರಸ್ ಇರುವವರಲ್ಲಿ ರಕ್ತದ ಕ್ಯಾನ್ಸರ್ ಬರುವುದು ಇಡೀ ಜೀವಮಾನದಲ್ಲಿ 100ರಲ್ಲಿ ಸುಮಾರು 3ರಿಂದ 5 ಮಂದಿಗೆ.

ಸ್ಲೈಡ್ ಓದುಗ

ಆ ರಕ್ತದ ಕ್ಯಾನ್ಸರ್ ಕೋಶವನ್ನು ಹೂವಿನ ಕೋಶ ಅಂತಲೇ ಕರೆಯುತ್ತಾರೆ. ನ್ಯೂಕ್ಲಿಯಸ್ ದಳ ದಳವಾಗಿ ಬಿಡಿಸಿಕೊಂಡಿರುತ್ತದೆ. ನಾನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ.

ಹಳೇ ಮೇಷ್ಟ್ರು

ಎಪ್ಸ್ಟೈನ್-ಬಾರ್ ವೈರಸ್ ಬಿಟ್ಟರೆ ಈ ಮಾತು ಪೂರ್ತಿಯಾಗದು. 1964ರಲ್ಲಿ ಆಂಟನಿ ಎಪ್ಸ್ಟೈನ್, ಬರ್ಟ್ ಅಚಾಂಗ್, ಇವೊನ್ ಬಾರ್ ಮೂವರೂ ಆಫ್ರಿಕಾದ ಮಕ್ಕಳಲ್ಲಿ ಬರುತ್ತಿದ್ದ ದವಡೆಯ ಗಡ್ಡೆಯ ಕೋಶಗಳಲ್ಲಿ ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಮನುಷ್ಯರಲ್ಲಿ ಕ್ಯಾನ್ಸರ್ ಜೊತೆ ಸಂಬಂಧ ಇರುವ ಮೊದಲ ವೈರಸ್ ಇದೇ. ಜಗತ್ತಿನ ವಯಸ್ಕರಲ್ಲಿ 90%ಗಿಂತ ಜಾಸ್ತಿ ಜನರ ಮೈಯಲ್ಲಿ ಇದು ಸುಮ್ಮನೆ ಮಲಗಿರುತ್ತದೆ.

ಕೋಶಗೂಡು

ಹೌದು ಮೇಷ್ಟ್ರೇ. ಅದು ಪ್ರತಿಕಾಯ ಮಾಡುವ ಬಿ ಕೋಶಕ್ಕೆ ಸುಳ್ಳು ಹೇಳುತ್ತದೆ. ಎಲ್‌ಎಂಪಿ1 ಅನ್ನೋ ಅದರ ಪ್ರೋಟೀನ್ ಕೋಶದ ಹೊರಪೊರೆಯಲ್ಲಿ ನಿಂತು, ಹೊರಗಿಂದ ಯಾರೂ ಏನೂ ಹೇಳದೇ ಇದ್ದರೂ "ಸೋಂಕು ಬಂದಿದೆ, ಹೆಚ್ಚಾಗು" ಅಂತ ಒಳಗೆ ಸೂಚನೆ ಕಳಿಸುತ್ತಲೇ ಇರುತ್ತದೆ. ಅದರ ಇನ್ನೊಂದು ಪ್ರೋಟೀನ್ ಇಬಿಎನ್‌ಎ1. ಅದು ವೈರಸ್ಸಿನ ಡಿಎನ್‌ಎಯನ್ನು ನಮ್ಮ ಕ್ರೋಮೊಸೋಮ್‌ಗೆ ಕಟ್ಟಿಹಾಕುತ್ತದೆ. ಕೋಶ ಒಡೆಯುವಾಗ ವೈರಸ್ಸೂ ಅದರ ಬೆನ್ನೇರಿ ಎರಡೂ ಮರಿಕೋಶ ಸೇರುತ್ತದೆ. ನಮ್ಮ ಹಂಚಿಕೆ ವ್ಯವಸ್ಥೆಯನ್ನು ಕೆಡಿಸದೆ ಬಳಸಿಕೊಳ್ಳುವ ಬಗೆ ಇದು.

1994ರಲ್ಲಿ ಸಿಕ್ಕ, ಕಪೋಸಿ ಸಾರ್ಕೋಮಾ ಅನ್ನೋ ಕ್ಯಾನ್ಸರ್‌ನ ವೈರಸ್ ಇನ್ನೂ ಮುಂದೆ ಹೋಗಿದೆ. ವಿಭಜನೆಗೆ ಚಾಲನೆ ಕೊಡುವ ನಮ್ಮ ಸೈಕ್ಲಿನ್ ಜೀನನ್ನೇ ಯಾವುದೋ ಕಾಲದಲ್ಲಿ ಕದ್ದು ತನ್ನದಾಗಿಸಿಕೊಂಡಿದೆ. ಆ ಕದ್ದ ಸೈಕ್ಲಿನ್ ಪಿ16ರ ತಡೆಗೂ ಬಗ್ಗುವುದಿಲ್ಲ.

ಹೆಪಟೈಟಿಸ್ ಬಿ ನಮ್ಮ ಡಿಎನ್‌ಎ ಒಳಗೆ ಅಲ್ಲಲ್ಲಿ ಸೇರಿಕೊಳ್ಳುತ್ತದೆ, ಟೆಲೊಮರೇಸ್ ಜೀನಿನ ಪಕ್ಕ ಸೇರಿದ್ದು ಯಕೃತ್ತಿನ ಗಡ್ಡೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೆಪಟೈಟಿಸ್ ಸಿ ಆರ್‌ಎನ್‌ಎ ವೈರಸ್, ಅದು ನಮ್ಮ ಡಿಎನ್‌ಎಗೆ ಸೇರುವುದೇ ಇಲ್ಲ. ಅಲ್ಲಿ ಕಥೆ ನಿಧಾನದ್ದು. ದಶಕಗಟ್ಟಲೆ ಯಕೃತ್ತಿನ ಕೋಶ ಸಾಯುತ್ತದೆ, ಅದರ ಜಾಗ ತುಂಬಲು ಪಕ್ಕದ್ದು ಒಡೆಯುತ್ತದೆ. ಗಾಯ, ಮಾಗುವುದು, ಮತ್ತೆ ಗಾಯ. ಒಡೆದಷ್ಟೂ ತಪ್ಪಿಗೆ ಅವಕಾಶ.

ಬಿಸಿಲುದಾರಿ

ಒಟ್ಟು ಕ್ಯಾನ್ಸರ್‌ನಲ್ಲಿ ಇವುಗಳ ಪಾಲು ಎಷ್ಟು? ಮತ್ತೆ ಇನ್ನೊಂದು. ಇ6, ಇ7 ಇಷ್ಟು ಅಪಾಯ ಅಂದಮೇಲೆ ಎಚ್‌ಪಿವಿ ಲಸಿಕೆಯಲ್ಲಿ ಆ ವೈರಸ್ಸನ್ನೇ ಕೊಡೋದು ಸರಿನಾ? ನಮ್ಮ ಮನೆಯಲ್ಲಿ ಮಗಳಿಗೆ ಕೊಡಿಸುವ ಮಾತು ನಡೆದಿದೆ. ನಿಜವಾಗಿ ತಿಳಿಯಬೇಕು ಅಂತ ಕೇಳ್ತಿದೀನಿ.

ಕೋಶಗೂಡು

2018ರ ಲೆಕ್ಕದಲ್ಲಿ ಜಗತ್ತಿನ ಹೊಸ ಕ್ಯಾನ್ಸರ್‌ಗಳಲ್ಲಿ ಸುಮಾರು 13% ಸೋಂಕಿನಿಂದ ಬಂದವು, ಹತ್ತಿರಹತ್ತಿರ 22 ಲಕ್ಷ. ಇದರಲ್ಲಿ ಹೊಟ್ಟೆಯ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾದ ಪಾಲು 8 ಲಕ್ಷ. ಎಚ್‌ಪಿವಿಯದ್ದು ಸುಮಾರು 6.9 ಲಕ್ಷ.

ಲಸಿಕೆಯ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಲಸಿಕೆಯಲ್ಲಿ ವೈರಸ್ ಇಲ್ಲ. ವೈರಸ್ಸಿನ ಹೊರಚಿಪ್ಪಿನ ಎಲ್1 ಅನ್ನೋ ಒಂದೇ ಪ್ರೋಟೀನನ್ನು ಬೇರೆ ಕೋಶಗಳಲ್ಲಿ ತಯಾರಿಸುತ್ತಾರೆ. ಆ ಪ್ರೋಟೀನ್ ತಾನೇ ಜೋಡಿಸಿಕೊಂಡು ಖಾಲಿ ಚೆಂಡಾಗುತ್ತದೆ. ಒಳಗೆ ಇ6 ಇಲ್ಲ, ಇ7 ಇಲ್ಲ, ಡಿಎನ್‌ಎಯೇ ಇಲ್ಲ. ದೇಹ ಆ ಖಾಲಿ ಚೆಂಡನ್ನು ನೋಡಿ ಪ್ರತಿಕಾಯ ಮಾಡಿಟ್ಟುಕೊಳ್ಳುತ್ತದೆ. ನಿಜವಾದ ವೈರಸ್ ಬಂದಾಗ ತಳದ ಕೋಶ ಸೇರುವ ಮೊದಲೇ ಹಿಡಿಯುತ್ತದೆ. ಅದಕ್ಕೇ ಸೋಂಕು ತಗಲುವ ವಯಸ್ಸಿಗೆ ಮುಂಚೆ ಕೊಡುವುದು. ಒಳಗೆ ಹೊಕ್ಕು ಕೂತ ಮೇಲೆ ಈ ಲಸಿಕೆ ಅದನ್ನು ಹೊರಹಾಕುವುದಿಲ್ಲ. ನನ್ನ ಮಗಳಿಗೆ ನಾನು ಕೊಡಿಸಿದ್ದೇನೆ.

ಬಿಸಿಲುದಾರಿ

ಧನ್ಯವಾದ. ಮನೆಯಲ್ಲಿ ಇದನ್ನೇ ತೋರಿಸುತ್ತೇನೆ.

ಮಳೆಬಿಲ್ಲು

ಎಲ್ಲವನ್ನೂ ಅಕ್ಕನಿಗೆ ಓದಿದೆ, ಎರಡು ಸಲ. ಮೊದಲ ದಿನ ಅವಳು "ನನ್ನೊಳಗೆ ಕ್ಯಾನ್ಸರ್ ಇದೆ" ಅಂತ ಹೇಳುತ್ತಿದ್ದಳು. ಈಗ "ನನ್ನಲ್ಲಿ ವೈರಸ್ ಇದೆ, ಅದು ಉಂಗುರವಾಗಿದೆಯೋ, ತುಂಡಾಗಿದೆಯೋ ನೋಡಬೇಕು" ಅನ್ನುತ್ತಾಳೆ. ಕಾಲ್ಪೊಸ್ಕೋಪಿಯಲ್ಲಿ ಅದು ಕಾಣುತ್ತದಾ?

ಸ್ಲೈಡ್ ಓದುಗ

ಉಂಗುರ ಕಾಣುವುದಿಲ್ಲ, ಅದರ ಪರಿಣಾಮ ಕಾಣಬಹುದು. ಕಾಲ್ಪೊಸ್ಕೋಪಿ ಅಂದರೆ ದೊಡ್ಡದಾಗಿ ತೋರಿಸುವ ಲೆನ್ಸಿನಿಂದ ಗರ್ಭಕಂಠವನ್ನು ನೋಡುವುದು. ಮೊದಲು ತೆಳು ಅಸಿಟಿಕ್ ಆಮ್ಲ ಸವರುತ್ತಾರೆ. ಕೋಶಗಳು ಒತ್ತಾಗಿ, ದಪ್ಪ ನ್ಯೂಕ್ಲಿಯಸ್ ಇಟ್ಟುಕೊಂಡು ಕೂತಿರುವ ಜಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಬೆಳ್ಳಗಾದದ್ದೆಲ್ಲ ಕೆಟ್ಟದ್ದಲ್ಲ. ಅನುಮಾನ ಬಂದ ಕಡೆ ಚೂರು ತೆಗೆದು ನಮ್ಮಂಥವರ ಮೇಜಿಗೆ ಕಳಿಸುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯನ್ನು ಮೂರು ಹಂತವಾಗಿ ಹೇಳುತ್ತೇವೆ. ಮೊದಲ ಹಂತದ ಬದಲಾವಣೆ ಆಗಿದ್ದರೆ ಹೆಚ್ಚಿನವು ತಾವೇ ಹೋಗುತ್ತವೆ, ಸುಮ್ಮನೆ ಗಮನಿಸುತ್ತಾರೆ. ಮೂರನೇ ಹಂತವಾದರೆ ಆ ಜಾಗವನ್ನು ತೆಗೆಯುತ್ತಾರೆ. ಚಿಕಿತ್ಸೆ ಕೊಡದೆ ಬಿಟ್ಟ ಮೂರನೇ ಹಂತದಲ್ಲಿ ಕೂಡ 30 ವರ್ಷದ ಅವಧಿಯಲ್ಲಿ ಕ್ಯಾನ್ಸರ್ ಆದದ್ದು ಸುಮಾರು 30% ಜನರಿಗೆ. ಚಿಕಿತ್ಸೆ ಆದವರಲ್ಲಿ ಅದು ತೀರಾ ಕಡಿಮೆ. ಅಕ್ಕನಿಗೆ ಈ ಅಂಕಿಯನ್ನೂ ಹೇಳಿ.

ಪಿ16 ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಬಯಾಪ್ಸಿಯಲ್ಲಿ ಯಾವ ಹಂತ ಅಂತ ಗೊಂದಲವಾದರೆ ಮಾಡುತ್ತಾರೆ.

ಮಳೆಬಿಲ್ಲು

ಹೇಳಿದೆ. ಗುರುವಾರ ಬೆಳಿಗ್ಗೆ ಹೋಗುತ್ತಿದ್ದೇವೆ. ಬೆಳ್ಳಗಾಗುವುದನ್ನು ತಾನೂ ಪರದೆಯಲ್ಲಿ ನೋಡಬಹುದಾ ಅಂತ ಕೇಳುತ್ತಿದ್ದಾಳೆ.

ಸ್ಲೈಡ್ ಓದುಗ

ಪರದೆ ಇದ್ದರೆ ನೋಡಬಹುದು. ಆಮ್ಲ ಸವರುವ ಮೊದಲೇ ಕೇಳಲಿ, ಆ ಬಿಳುಪು ಕೆಲವೇ ನಿಮಿಷ ಇರುತ್ತದೆ.